ಬೈಗುಳ ಉತ್ತಮ ಪುರುಷಕ್ಕೆ ಬಂದಾಗ: ಲಿಂಗತ್ವ ಅಲ್ಪಸಂಖ್ಯಾತರ ಆತ್ಮಕಥನಗಳಲ್ಲಿ ನಿಂದಾಪದದ ವ್ಯಾಕರಣ

ಲೈಂಗಿಕತೆಯನ್ನು ಕುರಿತ ನಿಂದಾಪದವೊಂದನ್ನು ಆ ನಿಂದೆಗೆ ಗುರಿಯಾದವರೇ ಎತ್ತಿಕೊಂಡು ತಮ್ಮ ಹೆಸರಾಗಿ ಮಾಡಿಕೊಂಡಾಗ ಅದು ಇನ್ನೂ ನಿಂದೆಯಾಗಿ ಉಳಿಯುತ್ತದೆಯೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ 'ಅದು ಸಂದರ್ಭವನ್ನು ಅವಲಂಬಿಸಿದೆ' ಎಂಬುದು. ಈ ಉತ್ತರವನ್ನು ಅಲ್ಲಗಳೆಯುವುದು ಕಷ್ಟ. ಅಲ್ಲಗಳೆಯಲಾಗದಷ್ಟು ಸಡಿಲವಾಗಿರುವುದೇ ಅದರ ದೋಷ. ಬೈದವನೂ ಸಂದರ್ಭದ ಮರೆಗೆ ನಿಲ್ಲಬಲ್ಲ, ಹಾಸ್ಯನಟನೂ ನಿಲ್ಲಬಲ್ಲ, ಅನುವಾದಕನೂ ನಿಲ್ಲಬಲ್ಲ. ಸಂದರ್ಭವೆಂದರೆ ಯಾವುದು, ಅದರ ಯಾವ ಅಂಗ ಪದದ ವಿಷವನ್ನು ತೆಗೆಯುತ್ತದೆ, ಯಾವುದು ತೆಗೆಯುವುದಿಲ್ಲ ಎಂದು ವಿಂಗಡಿಸದ ಹೊರತು ಚರ್ಚೆ ಮುಂದೆ ಸಾಗದು. ಈ ಲೇಖನ ಆ ವಿಂಗಡಣೆಯನ್ನು ನಮ್ಮ ವ್ಯಾಕರಣದ ಒಂದು ಹಳೆಯ ಪರಿಭಾಷೆಯ ನೆರವಿನಿಂದ ಮಾಡಲು ಯತ್ನಿಸುತ್ತದೆ. ಉತ್ತಮ, ಮಧ್ಯಮ, ಪ್ರಥಮ ಎಂಬ ಮೂರು 'ಪುರುಷ'ಗಳೇ ಆ ಪರಿಭಾಷೆ. ಹೆಣ್ಣೂ ಗಂಡೂ ಎಂಬ ಹಂಚಿಕೆಯನ್ನು ಒಪ್ಪದವರ ಬರಹವನ್ನು 'ಪುರುಷ' ಎಂಬ ಪದದಿಂದ ಅಳೆಯಬೇಕಾಗಿ ಬಂದಿರುವುದು ನಮ್ಮ ಪರಿಭಾಷೆಯ ವಿನೋದ.

ಇಂಗ್ಲಿಷಿನ 'ಕ್ವಿಯರ್' ಪದದ ಕಥೆ ಸಂಶೋಧಕರಿಗೆ ಪರಿಚಿತವಾದುದರಿಂದ ಅದನ್ನು ಬೇಗ ದಾಟಬಹುದು. 1990ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕ್ವಿಯರ್ ನೇಷನ್ ಸಂಘಟನೆ ಬೀದಿಯ ಬೈಗುಳವನ್ನು ತನ್ನ ಹೆಸರಿನಲ್ಲೇ ಧರಿಸಿತು; ಅದೇ ವರ್ಷ ತೆರೇಸಾ ದ ಲಾರೆಟಿಸ್ ಅದನ್ನು ಸಿದ್ಧಾಂತದ ಹೆಸರಾಗಿಸಿದರು; 1993ರಲ್ಲಿ ಜೂಡಿತ್ ಬಟ್ಲರ್, ಅವಮಾನದ ಚರಿತ್ರೆಯಿಂದ ಪದವನ್ನು ಪೂರ್ತಿ ಬಿಡಿಸಿಕೊಳ್ಳಲು ಸಾಧ್ಯವೆ ಎಂಬ ಸಂದೇಹವನ್ನು ಎತ್ತಿದರು. ನಮಗೆ ಮುಖ್ಯವಾದುದು ಇದರ ನಂತರದ ಸಂಗತಿ. ಕನ್ನಡಕ್ಕೆ ಬಂದ 'ಕ್ವಿಯರ್' ಗಾಯವಿಲ್ಲದ ಪದ. ಅದನ್ನು ಕೂಗಿ ಯಾರೂ ಶಾಲೆಯ ಅಂಗಳದಲ್ಲಿ ಕನ್ನಡದ ಮಗುವೊಂದನ್ನು ಓಡಿಸಿಲ್ಲ. ತಮಿಳಿನಲ್ಲಿ ಇದಕ್ಕೆ ಬಳಕೆಗೆ ಬಂದಿರುವ 'ಪಾಲ್ ಪುದುಮೈಯರ್' ಕೂಡ ಹೊಸದಾಗಿ ಕಟ್ಟಿದ, ಮೈಲಿಗೆಯಿಲ್ಲದ ಮಾತು. ಹೀಗೆ ಮರುವಶಗೊಂಡ ಪದವನ್ನು ಆಮದು ಮಾಡಿಕೊಂಡಾಗ ನಮಗೆ ಫಲ ದೊರೆಯುತ್ತದೆ, ಹೋರಾಟ ದೊರೆಯುವುದಿಲ್ಲ. ವಿಚಾರ ಸಂಕಿರಣಗಳಲ್ಲಿ 'ಕ್ವಿಯರ್ ಓದು' ಎಂದು ನಿರಾಯಾಸವಾಗಿ ನುಡಿಯುವವರು 'ಖೋಜಾ', 'ಚಕ್ಕಾ', 'ಹೆಣ್ಣಿಗ' ಎಂಬ ಪದಗಳೆದುರು ತಡವರಿಸುವುದು ಈ ಕಾರಣಕ್ಕೆ. ನಮ್ಮ ಪ್ರಶ್ನೆಯನ್ನು ಪರೀಕ್ಷಿಸಬೇಕಾದದ್ದು ತಡವರಿಕೆ ಇರುವ ಈ ಸ್ಥಳದಲ್ಲಿ.

ಪದದೊಳಗೇ ನಿಂದೆ ಅಡಗಿದೆ ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. ಎಂಟನೆಯ ಶತಮಾನದ ಮಹಾಕೂಟದ ಶಾಸನ, ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿಯ ದಾನವನ್ನು ದಾಖಲಿಸುವಾಗ ಅವಳನ್ನು 'ಸೂಳೆಯರ್' ಎಂದು ಗೌರವ ಬಹುವಚನದಲ್ಲಿ ಕರೆಯುತ್ತದೆ. ದೇವರ ಸನ್ನಿಧಿಯಲ್ಲಿ, ಕಲ್ಲಿನ ಮೇಲೆ, ದಾನಿಯ ಕೀರ್ತಿಗಾಗಿ ಕೆತ್ತಿದ ಪದ ಅದು. 'ಖೋಜಾ' ಎಂಬುದರ ಮೂಲವಾದ ಪಾರಸಿಯ 'ಖ್ವಾಜಾ' ಒಡೆಯನನ್ನು, ಹಿರಿಯನನ್ನು ಸೂಚಿಸುವ ಮರ್ಯಾದೆಯ ಮಾತು. ಅಂತಃಪುರದ ಅಧಿಕಾರಿಗಳಿಗೆ ಸಂದ ಗೌರವ ಬೀದಿಗಿಳಿದು ಬೈಗುಳವಾಯಿತು. ಆದರೆ ಈ ಇತಿಹಾಸವನ್ನು ಬಲ್ಲ ವಿದ್ವಾಂಸನೊಬ್ಬ ಇಂದು ಅದೇ ಪದಗಳಿಂದ ಯಾರನ್ನಾದರೂ ಕರೆದು, ಬಳಿಕ ಶಾಸನವನ್ನು ತೋರಿಸಿದರೆ ಅದನ್ನು ಪಾಂಡಿತ್ಯವೆನ್ನಲಾಗದು. ವ್ಯುತ್ಪತ್ತಿ ಪದದ ಹುಟ್ಟನ್ನು ತಿಳಿಸುತ್ತದೆ. ಈಗ ಅದು ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತಿದೆ ಎಂಬುದನ್ನು ತಿಳಿಸುವ ಶಕ್ತಿ ಅದಕ್ಕಿಲ್ಲ.

ಇಲ್ಲಿ ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯನ್ನು ನೆನೆಯುವುದು ಅಪ್ರಸ್ತುತವಲ್ಲ. ಅವಳದೆಂದು ದೊರೆತಿರುವುದು ಒಂದೇ ವಚನ. ನಿಂದಾಪದವನ್ನು ಹೆಸರಾಗಿ ಧರಿಸಿದ ಮೊದಲ ಕನ್ನಡತಿ ಎಂದು ಅವಳನ್ನು ಹೊಗಳುವ ಆಸೆ ಯಾರಿಗಾದರೂ ಆಗಬಹುದು. ವಚನವನ್ನು ಗಮನಿಸಿದರೆ ಆ ಆಸೆ ಸ್ವಲ್ಪ ಸ್ಥಳ ಬದಲಿಸುತ್ತದೆ. 'ಸೂಳೆ' ಎಂಬ ಪದ ವಚನದೊಳಗೆ ಇಲ್ಲ. ಹೆಸರಿನ ಹಿಂದೆ ಪರಂಪರೆ ಸೇರಿಸಿದ ವಿಶೇಷಣವಾಗಿ ಅದು ನಮಗೆ ಬಂದಿದೆ. ವಚನದಲ್ಲಿರುವುದು ಒತ್ತೆ ಹಿಡಿಯುವ ವೃತ್ತಿಯ ಕಟ್ಟುಪಾಡಿನ ಭಾಷೆ, ಕೊನೆಯಲ್ಲಿ 'ನಿರ್ಲಜ್ಜೇಶ್ವರ' ಎಂಬ ಅಂಕಿತ. ಲಜ್ಜೆಯಿಲ್ಲದವಳು ಎಂಬುದು ಅವಳಂಥವರನ್ನು ಕುರಿತು ಲೋಕ ಆಡುವ ಮಾತು. ಆ ಮಾತನ್ನು ಅವಳು ತನ್ನ ಮೇಲೆ ಹೊತ್ತುಕೊಳ್ಳದೆ ದೇವರ ಹೆಸರಿಗೆ ಏರಿಸಿದ್ದಾಳೆ. ಪರಂಪರೆ ಅಂಟಿಸಿದ ವಿಶೇಷಣ ಪ್ರಥಮ ಪುರುಷದ್ದು, ಅಂಕಿತ ಅವಳ ಸ್ವಂತದ್ದು. ಮರುವಶವೆಂಬುದು ಇದ್ದರೆ ಅದು ಎರಡನೆಯದರಲ್ಲಿ ಇದೆ. ಇದು ಪ್ರಸ್ತುತ ಲೇಖಕನ ಓದು ಮಾತ್ರ. ಆದರೆ ಯಾವ ಪದ ಯಾರ ಕೈಯದು ಎಂದು ಬೇರ್ಪಡಿಸುವ ಈ ಕ್ರಮ ಇಂದಿನ ಆತ್ಮಕಥನಗಳಿಗೂ ಬೇಕಾಗುತ್ತದೆ.

ಕಳೆದ ಕೆಲವು ದಶಕಗಳಲ್ಲಿ ಬಂದ ಅಂಥ ಪುಸ್ತಕಗಳ ಶೀರ್ಷಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮರಾಠಿಯಲ್ಲಿ 2012ರಲ್ಲಿ, ವೈಶಾಲಿ ರೋಡೆಯವರ ಶಬ್ದಾಂಕನದಲ್ಲಿ ಬಂದ ಲಕ್ಷ್ಮೀನಾರಾಯಣ ತ್ರಿಪಾಠಿಯವರ ಆತ್ಮಕಥನ 'ಮೀ ಹಿಜಡಾ, ಮೀ ಲಕ್ಷ್ಮೀ'. ತಮಿಳಿನಲ್ಲಿ ಲಿವಿಂಗ್ ಸ್ಮೈಲ್ ವಿದ್ಯಾ ಅವರದು 'ನಾನ್ ವಿದ್ಯಾ'. ತಮಿಳ್ ಸೆಲ್ವಿಯವರು ಅದನ್ನು ಕನ್ನಡಕ್ಕೆ ತಂದಾಗ 'ನಾನು ಅವನಲ್ಲ... ಅವಳು' ಎಂದಾಯಿತು, 2015ರಲ್ಲಿ ತೆರೆಕಂಡ ಬಿ.ಎಸ್. ಲಿಂಗದೇವರು ಅವರ ಚಲನಚಿತ್ರವೂ ಅದೇ ಹೆಸರಿನದು. ಎ. ರೇವತಿಯವರ ಜೀವನಕಥನದ ಇಂಗ್ಲಿಷ್ ರೂಪ 2010ರಲ್ಲಿ ಬಂದಾಗ ಉಪಶೀರ್ಷಿಕೆಯಲ್ಲಿ 'ಹಿಜಡಾ' ಪದವಿತ್ತು, ದು. ಸರಸ್ವತಿಯವರ ಕನ್ನಡ ಅನುವಾದದ ಹೆಸರು 'ಬದುಕು ಬಯಲು'. ಮಂಜಮ್ಮ ಜೋಗತಿಯವರ ಕಥನವನ್ನು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದಾಗ ಅದು, ಜೇಡರ ದಾಸಿಮಯ್ಯನ ವಚನವೊಂದನ್ನು ನೆನಪಿಗೆ ತರುವಂತೆ, 'ನಡುವೆ ಸುಳಿವ ಹೆಣ್ಣು' ಆಯಿತು. ಮರಾಠಿಯ ಮುಖಪುಟ ಬೈಗುಳವನ್ನೇ ಹೊತ್ತು ನಿಂತಿದೆ. ಕನ್ನಡದ ಮೂರೂ ಮುಖಪುಟಗಳು ಅದನ್ನು ತಪ್ಪಿಸಿಕೊಂಡು ಹೋಗುತ್ತವೆ. ಎರಡು ವಚನದ ಪರಿಭಾಷೆಯ ಕಡೆಗೆ, ಒಂದು ಸರ್ವನಾಮದ ಕಡೆಗೆ.

ಇದನ್ನು ಕನ್ನಡದ ಸಂಕೋಚ, ಮಧ್ಯಮವರ್ಗದ ಮಡಿ ಎಂದು ತೀರ್ಮಾನಿಸುವುದು ಸುಲಭ. ಸ್ವಲ್ಪ ಮಟ್ಟಿಗೆ ಅದು ನಿಜವೂ ಇದ್ದೀತು. ಆದರೆ ಭಾಷೆಯೊಳಗೇ ಇರುವ ಕಾರಣವೊಂದಿದೆ. ಮರಾಠಿಯಲ್ಲಿ ಉತ್ತಮ ಪುರುಷದ ಕ್ರಿಯಾಪದವೂ ಲಿಂಗವನ್ನು ತೋರಿಸುತ್ತದೆ: ಗಂಡಸು 'ಮೀ ಗೇಲೋ' ಎನ್ನಬೇಕು, ಹೆಂಗಸು 'ಮೀ ಗೇಲೇ' ಎನ್ನಬೇಕು. ಹಿಂದಿಯದೂ ಇದೇ ಬಗೆ. ಬಾಯಿ ತೆರೆದು ಒಂದು ವಾಕ್ಯ ಆಡಿದೊಡನೆ ಆಡಿದವರ ಲಿಂಗ ಬಯಲಾಗುವ ಭಾಷೆಯಲ್ಲಿ 'ನಾನು' ಎಂಬುದೇ ಒಂದು ಕದನಭೂಮಿ. ಆ ಶೀರ್ಷಿಕೆಯಲ್ಲಿ ಕ್ರಿಯಾಪದವಿಲ್ಲ ಎಂಬುದನ್ನು ಗಮನಿಸಬೇಕು. ಎರಡು ನಾಮಪದ ವಾಕ್ಯಗಳು. ಮೊದಲನೆಯದರಲ್ಲಿ ವ್ಯಾಕರಣದ ದೃಷ್ಟಿಯಿಂದ ಪುಲ್ಲಿಂಗವಾದ ಬೈಗುಳ, ಎರಡನೆಯದರಲ್ಲಿ ಹೆಣ್ಣಿನ ಹೆಸರು. ಎರಡಕ್ಕೂ ಒಂದೇ 'ಮೀ'. ಬೈಗುಳ ಅಲ್ಲಿ ಅಲಂಕಾರವಾಗಿ ಬಂದಿಲ್ಲ, ವ್ಯಾಕರಣ ಕೇಳುವ ಉತ್ತರವನ್ನು ತಡೆಹಿಡಿಯುವ ಕೆಲಸವನ್ನು ಅದು ಮಾಡುತ್ತಿದೆ.

ಕನ್ನಡದ 'ನಾನು ಹೋದೆ' ಎಂಬ ವಾಕ್ಯಕ್ಕೆ ಲಿಂಗವಿಲ್ಲ. ತಮಿಳಿನ 'ನಾನ್ ಪೋನೇನ್' ಎಂಬುದಕ್ಕೂ ಇಲ್ಲ. ಕನ್ನಡದಲ್ಲಿ ಒಬ್ಬರು ತಮ್ಮ ಇಡೀ ಜೀವನವನ್ನು ಉತ್ತಮ ಪುರುಷದಲ್ಲಿ ಹೇಳಿ ಮುಗಿಸಬಹುದು, ಕ್ರಿಯಾಪದ ಒಮ್ಮೆಯೂ ಅವರನ್ನು ಬಿಟ್ಟುಕೊಡುವುದಿಲ್ಲ. ಲಿಂಗದ ಪೀಡೆ ಇಲ್ಲಿ ಆರಂಭವಾಗುವುದು ಇತರರು ನಮ್ಮನ್ನು ಕುರಿತು ಮಾತನಾಡುವ ಪ್ರಥಮ ಪುರುಷದಲ್ಲಿ: ಅವನು, ಅವಳು, ಅದು. ಆದುದರಿಂದಲೇ ತಮಿಳಿನ ಸರಳವಾದ ಹೆಸರು ಕನ್ನಡಕ್ಕೆ ಬರುವಾಗ 'ಅವನಲ್ಲ, ಅವಳು' ಎಂದು ಪ್ರಥಮ ಪುರುಷದ ಸರ್ವನಾಮಗಳ ಜಗಳವಾಗಿ ಮಾರ್ಪಟ್ಟಿದ್ದು ಆಕಸ್ಮಿಕವೆಂದು ತೋರುವುದಿಲ್ಲ. ಕನ್ನಡದ ಅತ್ಯಂತ ಕ್ರೂರ ನಿಂದೆ ನಾಮಪದವೇ ಅಲ್ಲ, 'ಅದು ಬಂತು ನೋಡು' ಎಂಬ ವಾಕ್ಯದ ಪ್ರತ್ಯಯ. ಮಗುವಿಗೆ ಸಲ್ಲುವಾಗ ಮುದ್ದಾದ, ಹವ್ಯಕರ ಮನೆಮಾತಿನಲ್ಲಿ ಹೆಣ್ಣಿಗೆ ಸಹಜವಾಗಿ ಸಲ್ಲುವ ಈ ನಪುಂಸಕ ರೂಪ, ಹೆಣ್ಣುಡುಗೆಯಲ್ಲಿ ಬಸ್ಸು ಹತ್ತಿದವರ ಬೆನ್ನಿಗೆ ಬಿದ್ದಾಗ ಅವರನ್ನು ಮನುಷ್ಯವರ್ಗದಿಂದಲೇ ಹೊರಗಿಡುತ್ತದೆ. ಹೈದರಾಬಾದಿನ ಓದುಗರಿಗೆ ಇದು ಅಷ್ಟಾಗಿ ತಟ್ಟಲಾರದು. ತೆಲುಗಿನ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ 'ವಚ್ಚಿಂದಿ' ಒಂದೇ ಆದುದರಿಂದ ಪ್ರತ್ಯಯದಿಂದ ಹೀಗೆ ಇರಿಯುವ ಸೌಲಭ್ಯ ಆ ಭಾಷೆಗಿಲ್ಲ. ಪ್ರತ್ಯಯವನ್ನು ಯಾರೂ ಮರುವಶ ಮಾಡಿಕೊಂಡು ಹೆಮ್ಮೆಯ ಹೆಸರಾಗಿಸಲಾರರು. ನಾಮಪದಗಳ ನಿಷೇಧಪಟ್ಟಿ ಮಾಡುವವರ ಕಣ್ಣಿಗೂ ಅದು ಬೀಳುವುದಿಲ್ಲ.

(ಕೇಶಿರಾಜ ಕನ್ನಡಕ್ಕೆ ಒಂಬತ್ತು ಲಿಂಗಗಳನ್ನು ಎಣಿಸಿದ್ದಾನೆ. ತಮಿಳಿನ ಬೀದಿಗಳಲ್ಲೂ ಬೆಂಗಳೂರಿನ ಬೀದಿಗಳಲ್ಲೂ ಅದೇ ಸಂಖ್ಯೆ ಬೈಗುಳವಾಗಿ ಓಡಾಡುತ್ತದೆ. ಎರಡಕ್ಕೂ ಸಂಬಂಧವಿಲ್ಲ, ವೈಯಾಕರಣನಿಗೆ ಅಂಥ ಉದ್ದೇಶವೂ ಇರಲಿಲ್ಲ. ಆದರೂ 'ಮೂರನೆಯ ಲಿಂಗ'ವನ್ನು ಒಪ್ಪಲು ಹೆಣಗುವ ಕಾಲದಲ್ಲಿ ನಿಂತು ಆ ಸೂತ್ರವನ್ನು ಓದುವಾಗ ಮುಗುಳ್ನಗೆ ಬರುತ್ತದೆ.)

ಏಕವಚನದಿಂದ ಬಹುವಚನಕ್ಕೆ ಬಂದರೆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಮರುವಶಗೊಂಡ ಪದ ಬದುಕುವುದು 'ನಾವು' ಎಂಬುದರಲ್ಲಿ. ತಮಿಳಿನಲ್ಲಿ ಕೇಳುಗನನ್ನು ಹೊರಗಿಡುವ 'ನಾಂಗಳ್', ಒಳಗೊಳ್ಳುವ 'ನಾಮ್' ಎಂದು ಎರಡಿವೆ. ತೆಲುಗಿನಲ್ಲಿ 'ಮೇಮು', 'ಮನಮು'; ಮರಾಠಿಯಲ್ಲಿ 'ಆಮ್ಹೀ', 'ಆಪಣ'. 'ನಾಂಗಳ್' ಎಂದು ಆರಂಭವಾದ ವಾಕ್ಯದಲ್ಲಿ ನಿಂದಾಪದ ಬಂದರೆ ಓದುಗನಿಗೆ ತಾನು ಬೇಲಿಯ ಆಚೆ ಇರುವುದು ಗೊತ್ತಾಗುತ್ತದೆ. ಈ ಹೆಸರು ನಮ್ಮದು, ಹೀಗೆ ನಾವು ಕರೆದುಕೊಳ್ಳುತ್ತೇವೆ, ನಿನಗೆ ಅದು ಕೇಳಿಸುತ್ತಿದೆ ಅಷ್ಟೇ ಎಂಬುದನ್ನು ಸರ್ವನಾಮವೇ ಹೇಳಿಬಿಡುತ್ತದೆ. ಇಂದಿನ ಕನ್ನಡಕ್ಕೆ ಇರುವುದು ಒಂದೇ 'ನಾವು'. ತಮಿಳಿನಿಂದಲೋ ಮರಾಠಿಯಿಂದಲೋ ಕನ್ನಡಕ್ಕೆ ತಂದಾಗ ಪದ ಉಳಿದು ಬೇಲಿ ಬಿದ್ದುಹೋಗುತ್ತದೆ. ಕನ್ನಡದ ಓದುಗ ತಿಳಿಯದೆಯೇ ಆ 'ನಾವು'ವಿನೊಳಗೆ ಕಾಲಿಟ್ಟು, ತನಗೂ ಆ ಪದವನ್ನು ಆಡುವ ಸಲುಗೆ ದೊರೆಯಿತೆಂದು ಭಾವಿಸಲು ಅವಕಾಶವಾಗುತ್ತದೆ. ಸಲುಗೆ ದೊರೆತಿರುವುದಿಲ್ಲ. ಉತ್ತಮ ಪುರುಷದಲ್ಲಿ ಗಳಿಸಿದ ಹಕ್ಕು ಮಧ್ಯಮ ಪುರುಷಕ್ಕೆ ತಾನಾಗಿ ದಾಟದು; 'ನಾನು ಹಿಜಡಾ' ಎಂದವರು 'ನೀನು ಹಿಜಡಾ' ಎನ್ನಲು ನಮಗೆ ಪರವಾನಗಿ ಕೊಟ್ಟಿಲ್ಲ. ಸಮುದಾಯದೊಳಗೇ ಒಬ್ಬರ ಹೆಮ್ಮೆ ಮತ್ತೊಬ್ಬರನ್ನು ಕಟ್ಟಿಹಾಕದು. 'ಮಂಗಳಮುಖಿ' ಎಂದು ಕರೆಸಿಕೊಳ್ಳಲು ಬಯಸುವವರಿದ್ದಾರೆ, ಹಳೆಯ ಹೆಸರನ್ನೇ ಉಳಿಸಿಕೊಂಡವರಿದ್ದಾರೆ, ಎರಡನ್ನೂ ಒಲ್ಲದವರಿದ್ದಾರೆ.

ರೇವತಿಯವರ ಕಥನ ಈ ವಿಚಾರಕ್ಕೆ ಇನ್ನೊಂದು ತಿರುವನ್ನು ಕೊಡುತ್ತದೆ. ತಮಿಳು ಹಳ್ಳಿಯ ಬೈಗುಳಗಳು 'ಅಲಿ', 'ಪೊಟ್ಟೈ' ಮುಂತಾದವು. 'ಹಿಜಡಾ' ಉತ್ತರದ ಪದ. ಊರನ್ನು ಬಿಟ್ಟು ದೆಹಲಿಗೆ, ಮುಂಬೈಗೆ ಹೋದವರಿಗೆ ಅದು ಗುರು, ಚೇಲಾ, ಮನೆತನಗಳ ವ್ಯವಸ್ಥೆಯೊಂದಿಗೆ ಸಿಕ್ಕ ಕುಲನಾಮ. ಅದೇ ಪದ ಮರಾಠಿ ಪರಿಸರದಲ್ಲಿ ಬೆಳೆದವರಿಗೆ ಬಾಲ್ಯದಿಂದ ಕಿವಿಗೆ ಬಿದ್ದ ಕಲ್ಲು. ಒಂದೇ ಪದ ಒಬ್ಬರಿಗೆ ಗಾಯ, ಮತ್ತೊಬ್ಬರಿಗೆ ಮನೆ. ತ್ರಿಪಾಠಿಯವರು ಅದನ್ನು ಮರುವಶ ಮಾಡಿಕೊಂಡರು ಎನ್ನಬಹುದು; ರೇವತಿಯವರ ವಿಷಯದಲ್ಲಿ 'ಪಡೆದುಕೊಂಡರು' ಎನ್ನುವುದು ಹೆಚ್ಚು ಸರಿ. ಎರಡನ್ನೂ ಒಂದೇ ಸಿದ್ಧಾಂತದ ಚೀಲಕ್ಕೆ ತುಂಬುವ ವಿಮರ್ಶೆ ಓದುವ ಮೊದಲೇ ತೀರ್ಪು ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ಹತ್ತಿರದ ಮತ್ತೊಂದು ತೊಡಕು 'ಕೋತಿ' ಎಂಬುದು. ಸಮುದಾಯದ ಒಳಮಾತಿನಲ್ಲಿ ಅದು ಹೆಣ್ಣುಭಾವದ ಗಂಡಸರ ಗುರುತಿನ ಹೆಸರು, ನಿಂದೆಯಲ್ಲ. ಕನ್ನಡ ಲಿಪಿಯಲ್ಲಿ ಬರೆದೊಡನೆ ಮಂಗವಾಗುತ್ತದೆ.

ಈ ವಾದಕ್ಕೆ ಕನ್ನಡದಲ್ಲೇ ಬಲವಾದ ನಿದರ್ಶನವೊಂದಿದೆ, ಅದು ಜಾತಿಯ ಕ್ಷೇತ್ರದ್ದು. ಸಿದ್ಧಲಿಂಗಯ್ಯನವರ ಮೊದಲ ಸಂಕಲನ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ, ಊರಿನ ಬಾಯಲ್ಲಿ ಬೈಗುಳವಾಗಿದ್ದ ಜಾತಿಹೆಸರುಗಳು ಕಾವ್ಯದ ಮುಖಪುಟಕ್ಕೆ ಬಂದವು. ಆ ಶೀರ್ಷಿಕೆಯಿಂದ ಇತರರಿಗೆ ಆ ಹೆಸರಿನಿಂದ ಕೂಗುವ ಅಧಿಕಾರ ಬಂತೆಂದು ಯಾರೂ ಗಂಭೀರವಾಗಿ ವಾದಿಸಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಆಡಿದವರು ಯಾರು ಎಂಬುದನ್ನೇ ಮೊದಲು ಕೇಳುತ್ತದೆ: ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ವ್ಯಕ್ತಿ, ಸಾರ್ವಜನಿಕರ ಕಣ್ಣೆದುರಿನ ಸ್ಥಳ. ಪದಕ್ಕಿಂತ ಆಡುವ ನೆಲೆ ಮುಖ್ಯವೆಂಬುದನ್ನು ಕಾನೂನು ವಿಮರ್ಶಕರಿಗಿಂತ ಮೊದಲೇ ಕಂಡುಕೊಂಡಿತ್ತು. 2019ರ ಲಿಂಗಪರಿವರ್ತಿತರ ಹಕ್ಕುಗಳ ಕಾಯ್ದೆ ವಾಚಿಕ ನಿಂದನೆಯನ್ನು ಶಿಕ್ಷಾರ್ಹವಾಗಿಸಿದಾಗ ಆಡಿದವರ ನೆಲೆಯ ಬಗ್ಗೆ ಇಂಥ ನಿಬಂಧನೆಯನ್ನು ಇಡಲಿಲ್ಲ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜಡಾ, ಅರವಾಣಿ, ಜೋಗ್ತಾ ಎಂಬ ಹೆಸರುಗಳನ್ನು ಸೇರಿಸಲಾಯಿತು. ಬೀದಿಯಲ್ಲಿ ಬೈಗುಳವಾಗಿರುವ ಪದ ಶಾಸನದಲ್ಲಿ ಪರಿಭಾಷೆಯಾಯಿತು.

ಆದರೆ ಜಾತಿಯ ಹೋಲಿಕೆಯನ್ನು ತುಂಬ ದೂರ ಎಳೆಯಲಾಗದು. ಜಾತಿಯಲ್ಲಿ ಒಳಗಿನವರು ಯಾರೆಂಬುದನ್ನು ಊರು ಮೊದಲೇ ತಿಳಿದಿರುತ್ತದೆ, ಅದೇ ಅಲ್ಲಿನ ಕ್ರೌರ್ಯ. ಲೈಂಗಿಕತೆಯ ವಿಷಯದಲ್ಲಿ ಅನೇಕರು ತಾವಾಗಿ ಹೇಳುವತನಕ ಯಾರಿಗೂ ತಿಳಿದಿರುವುದಿಲ್ಲ. 2014ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ನಾಲ್ಸಾ ಪ್ರಕರಣದಲ್ಲಿ ಎತ್ತಿಹಿಡಿದುದು ಈ ಸ್ವಯಂಘೋಷಣೆಯ ಹಕ್ಕನ್ನು. ಆದಕಾರಣ ನಿಂದಾಪದವನ್ನು ಉತ್ತಮ ಪುರುಷದಲ್ಲಿ ಆಡುವುದೆಂದರೆ ಇರುವ ಸದಸ್ಯತ್ವವನ್ನು ಚಲಾಯಿಸುವುದಷ್ಟೇ ಆಗಿರುವುದಿಲ್ಲ. ಆ ಕ್ಷಣದಲ್ಲಿ ತನ್ನನ್ನು ತೆರೆದಿಡುವುದೂ ಆಗಿರುತ್ತದೆ. ಬಾಡಿಗೆಮನೆ, ಉದ್ಯೋಗ, ತಾಯಿತಂದೆಯರ ಸಂಬಂಧ ಎಲ್ಲವನ್ನೂ ಪಣಕ್ಕಿಟ್ಟು ಆಡಿದ ಮಾತು ಅದು. ಪಣವಿಲ್ಲದವರು ಅದೇ ಪದವನ್ನು ಸ್ನೇಹದ ಸಲುಗೆಯೆಂದು, ಪ್ರಗತಿಪರತೆಯ ಗುರುತೆಂದು ಬಳಸಿದಾಗ ಹುಸಿತನ ಕಾಣುವುದು ಇದೇ ಕಾರಣಕ್ಕೆ.

ಸಂದರ್ಭವಾದಿಗಳು ಮರೆಯುವ ಇನ್ನೊಂದು ಸಂಗತಿ, ನಿಂದೆ ಯಾವಾಗಲೂ ಎದುರಿಗಿರುವವನ ಮೇಲೆ ಬೀಳುವುದಿಲ್ಲ ಎಂಬುದು. 'ಷಂಡ ಸರ್ಕಾರ', 'ಶಿಖಂಡಿ ರಾಜಕಾರಣ' ಎಂಬ ಪ್ರಯೋಗಗಳು ನಮ್ಮ ಸಾರ್ವಜನಿಕ ಭಾಷಣಗಳಲ್ಲಿ ಪಕ್ಷಭೇದವಿಲ್ಲದೆ ಕೇಳುತ್ತವೆ; ಎದುರಾಳಿಗೆ ಬಳೆ ಕಳಿಸುವ ಚಳವಳಿಯೂ ಅದರ ಮುಂದುವರಿಕೆ. ಭಾಷಣಕಾರನ ಗುರಿ ಮಂತ್ರಿ. ಮಂತ್ರಿಗೆ ಏನೂ ಆಗುವುದಿಲ್ಲ. ಸಭೆಯ ಅಂಚಿನಲ್ಲಿ ನಿಂತ, ಯಾರಿಗೂ ಗೊತ್ತಿಲ್ಲದ ಹುಡುಗನೊಬ್ಬನಿಗೆ ತಾನು ಯಾವುದರ ಉಪಮಾನವೆಂಬುದು ತಿಳಿಯುತ್ತದೆ. ಪಂಪನಲ್ಲೂ ಕುಮಾರವ್ಯಾಸನಲ್ಲೂ ಬೃಹನ್ನಳೆಯ, ಶಿಖಂಡಿಯ ಪಾತ್ರಗಳಿಗೆ ಇರುವ ಗಾಂಭೀರ್ಯವನ್ನು ಬಲ್ಲವರೂ ಈ ಉಪಮೆಯನ್ನು ಆಕ್ಷೇಪಿಸುವುದಿಲ್ಲ ಎಂಬುದು ವಿಸ್ಮಯ.

ಅಧಿಕೃತ ಭಾಷೆಯ ಬಗ್ಗೆ ಎರಡು ಮಾತು ಸಾಕು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ 'ನಪುಂಸಕರ' ನೋಂದಣಿಯನ್ನು ವಿಧಿಸಿತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ವಿಧಿ ಅದೇ ಪದವನ್ನು, ಅದೇ ನೋಂದಣಿಯ ಕಲ್ಪನೆಯನ್ನು ನೂರನಲವತ್ತು ವರ್ಷಗಳ ಬಳಿಕ ಮತ್ತೆ ತಂದಿತು. 2016ರಲ್ಲಿ ಪದವನ್ನು ತೆಗೆಯಲಾಯಿತು. ಅದು ಬೈಗುಳದ ಧ್ವನಿಯಿಲ್ಲದ, ತಣ್ಣನೆಯ ಪ್ರಥಮ ಪುರುಷದ ಪದ. ಬೀದಿಯ ಕೂಗಿಗೆ ಚಪ್ಪಾಳೆ ತಟ್ಟಿ ಎದುರು ಉತ್ತರ ಕೊಡಬಹುದು. ನೋಂದಣಿ ಪುಸ್ತಕದೊಡನೆ ಜಗಳವಾಡಲು ನ್ಯಾಯಾಲಯಕ್ಕೇ ಹೋಗಬೇಕಾಯಿತು.

ಇಷ್ಟರ ಮೇಲೆ, ಅನುವಾದಕರೂ ಸಂಶೋಧಕರೂ ಮಾಡಬೇಕಾದುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಹೊರನಾಡಿನಲ್ಲಿರುವ ನಮಗೆ ಇದು ದಿನದ ಕೆಲಸ. ಮರಾಠಿ, ತಮಿಳು, ತೆಲುಗು, ಹಿಂದಿಗಳ ಈ ಬರಹಗಳು ಕನ್ನಡಕ್ಕೆ ಬರುವುದು ಹೆಚ್ಚಾಗಿ ನಮ್ಮ ಕೈಯಿಂದ. ಬೈಗುಳ ಬಂದ ಕಡೆಯಲ್ಲೆಲ್ಲ 'ತೃತೀಯಲಿಂಗಿ' ಎಂದು ಬದಲಿಸಿ ಪಠ್ಯವನ್ನು ತೊಳೆದಿಡುವ ರೂಢಿಯನ್ನು ಪ್ರಸ್ತುತ ಲೇಖಕ ಒಪ್ಪಲಾರ. ಪೊಲೀಸನ ಬಾಯಿಗೆ ಸಭ್ಯ ಪದವನ್ನಿಟ್ಟರೆ ರಕ್ಷಣೆ ದೊರೆಯುವುದು ಪೊಲೀಸನಿಗೆ. ನಿರೂಪಕಿಯ ಬಾಯಿಂದ ಅದನ್ನು ಕಿತ್ತರೆ ಅವಳು ಗೆದ್ದುಕೊಂಡದ್ದನ್ನು ಕಿತ್ತಂತೆ. ಈ ಎರಡು ಕಡೆ ಪದ ಇರುವಂತೆಯೇ ಇರಬೇಕು. ಆದರೆ ನಮ್ಮ ಪೀಠಿಕೆ, ಟಿಪ್ಪಣಿ, ಪ್ರಬಂಧಗಳಲ್ಲಿ, ಅಂದರೆ ನಾವು ಪ್ರಥಮ ಪುರುಷದಲ್ಲಿ ಬರೆಯುವೆಡೆಯಲ್ಲಿ, 'ಹಿಜಡಾ ಸಾಹಿತ್ಯ' ಎಂದು ಪ್ರಕಾರಕ್ಕೆ ಹೆಸರಿಡುವುದನ್ನು ಬಿಡಬೇಕು. 'ದಲಿತ ಸಾಹಿತ್ಯ'ದ ಮಾದರಿಯನ್ನು ಇಲ್ಲಿ ಉದಾಹರಿಸುವುದುಂಟು. ದಲಿತ ಎಂಬುದು ಚಳವಳಿಯೇ ತನಗಾಗಿ ಆರಿಸಿಕೊಂಡ ಹೆಸರು, ಊರಿನ ಬಾಯಿಂದ ಕಸಿದುಕೊಂಡದ್ದಲ್ಲ ಎಂಬುದನ್ನು ಹೀಗೆ ಹೇಳುವವರು ಗಮನಿಸಿರುವುದಿಲ್ಲ. ಮಂಜಮ್ಮನವರ ಹೆಸರಿನ ಭಾಗವೇ ಆಗಿರುವ 'ಜೋಗತಿ' 2019ರಲ್ಲಿ ಅವರೊಂದಿಗೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠಕ್ಕೆ ಹೋಯಿತು, 2021ರ ಪದ್ಮಶ್ರೀ ಪಟ್ಟಿಗೂ ಹೋಯಿತು. ಆ ಪದ ಎಲ್ಲಮ್ಮನ ಸೇವೆಯದು, ಜನರ ಕುಹಕದ್ದೂ ಹೌದು. ಅವರು ಅದನ್ನು ಹೆಸರಾಗಿ ಹೊತ್ತಿದ್ದಾರೆ. ನಾವು ಅದನ್ನು ಅವರ ಹೆಸರಾಗಿ ಬರೆಯುತ್ತೇವೆ, ವರ್ಗನಾಮವಾಗಿ ಅಲ್ಲ.

ಉಳಿದ ಕಷ್ಟ 'ನಾವು'ವಿನದು. 'ನಾಂಗಳ್' ಬಂದಲ್ಲಿ 'ನಮ್ಮವರಲ್ಲಿ', 'ನಾವು ನಾವೇ' ಎಂಬಂಥ ರೂಪಗಳಿಂದ ಬೇಲಿಯನ್ನು ಮತ್ತೆ ಕಟ್ಟಿಕೊಡಬಹುದು. ಕನ್ನಡದ ಆಡುಮಾತಿಗೆ ಅವು ಹೊಸವಲ್ಲ. ಶಬ್ದಾಂಕನದ, ನಿರೂಪಣೆಯ ಆತ್ಮಕಥನಗಳಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ 'ನಾನು' ಎಂದವರು ಒಬ್ಬರು, ಬರೆದವರು ಇನ್ನೊಬ್ಬರು. ಒಂದು ನಿರ್ದಿಷ್ಟ ಬೈಗುಳ ಹೇಳಿದವರ ನಾಲಗೆಯಿಂದ ಬಂತೋ ಬರೆದವರ ಲೇಖನಿಯಿಂದ ಬಂತೋ ಎಂದು ಮುದ್ರಿತ ಪುಟ ತಿಳಿಸುವುದಿಲ್ಲ. ಮೂಲದ ಧ್ವನಿಮುದ್ರಿಕೆಗಳನ್ನು ಉಳಿಸಿಕೊಂಡಿರುವ ನಿರೂಪಕರು ಅವನ್ನು, ಹೇಳಿದವರ ಒಪ್ಪಿಗೆ ಪಡೆದು, ಸಂಶೋಧಕರಿಗೆ ತೆರೆದಿಟ್ಟರೆ ಈ ಪ್ರಶ್ನೆಯನ್ನು ಪುಟಪುಟವಾಗಿ ಪರಿಶೀಲಿಸಬಹುದು.